ಕೆನ್ನೆಯ ಮೇಲಿನ ಮಿನುಗು

ಹಾಸನದ ಕಂಪ್ಯೂಟರ್ ಅಂಗಡಿಯಲ್ಲಿ, ಹೊಸದಾಗಿ ಬಂದ ಲ್ಯಾಪ್‌ಟಾಪಿನ ಪರದೆಯ ಮೇಲೆ ಅಪ್ಪನ ಮುಖ ಮೂಡಿದಾಗ ಕಾಂತರಾಜುವಿಗೆ ಒಂದು ಕ್ಷಣ ಗುರುತೇ ಸಿಗಲಿಲ್ಲ. ತಂಗಿ ಪುಷ್ಪಲತಾಳ ಧಾರೆಯ ಫೋಟೋ ಅದು. ಆರು ವರ್ಷದ ಹಿಂದೆ ಕೊಣನೂರಿನಲ್ಲಿ ಅವನೇ ತೆಗೆದದ್ದು. ಪರದೆಯನ್ನು ಪರೀಕ್ಷಿಸಲೆಂದು, ತಿದ್ದದ ಮೂಲ ಪ್ರತಿಯನ್ನೇ ಪೆನ್‌ಡ್ರೈವಿನಲ್ಲಿ ತಂದಿದ್ದ.

“ಇಷ್ಟು ಕ್ಲಿಯರ್ ನಮ್ಮಂಥ ಫೋಟೋ ಸ್ಟುಡಿಯೋಗೆ ಬೇಕಾ ಅಂತ ಯೋಚ್ನೆ ಕಣಮ್ಮ. ಹಳೇದೇ ಇನ್ನೆರಡು ವರ್ಷ ಬತ್ತದೆ,” ಎಂದು ಅಂಗಡಿಯ ಹುಡುಗಿ ನಿಸರ್ಗಳಿಗೆ ಹೇಳುತ್ತಲೇ ಅಪ್ಪನ ಮುಖವನ್ನು ದೊಡ್ಡದು ಮಾಡಿದ. ಕೆನ್ನೆಯ ಮೇಲೊಂದು ಮಿನುಗು. ಹಳೆಯ ಲ್ಯಾಪ್‌ಟಾಪಿನಲ್ಲಿ ಅದು ಬೆವರಿನ ಜಿಡ್ಡಿನಂತೆ ಕಂಡಿತ್ತು. ಎಲ್ಲರ ಮುಖದ ಜಿಡ್ಡಿನ ಜೊತೆ ಅದನ್ನೂ ಫೋಟೋದಿಂದ ಒರೆಸಿ ಆಲ್ಬಮ್ ಮಾಡಿಕೊಟ್ಟಿದ್ದ. ಇಲ್ಲಿ ನೋಡಿದರೆ ಅದು ಕಣ್ಣಿನ ಮೂಲೆಯಿಂದ ಹೊರಟು ಮೀಸೆಯವರೆಗೆ ಇಳಿದಿದೆ. ಧಾರೆಯ ಹಾಲು ಸಿಡಿದದ್ದೇ? ಹಾಲಾದರೆ ಬೆಳ್ಳಗಿರಬೇಕಿತ್ತಲ್ಲ. ಬೆವರೇ ಆದರೆ ಹಣೆ ಯಾಕೆ ಒಣಗಿದೆ?

ಅಪ್ಪ ತೀರಿಕೊಂಡ ಮೇಲೂ ಪುಷ್ಪಲತಾ ಆಲ್ಬಮ್ ತೆರೆದಾಗಲೆಲ್ಲ ಅದನ್ನೇ ಅನ್ನುತ್ತಾಳೆ: “ನೋಡಣ್ಣ, ನನ್ನ ಧಾರೆ ಎರೆಯುವಾಗ ಅಪ್ಪ ಒಂದನಿ ಕಣ್ಣೀರೂ ಆಕ್ಲಿಲ್ಲ.” ಅವನೂ ಆಲ್ಬಮ್ ನೋಡಿಯೇ ಹೂಂ ಎನ್ನುತ್ತಿದ್ದ.

“ಸರ್, ಇದ್ರಲ್ಲಿ ಹೊಸ ಫೀಚರ್ ಇದೆ. ಇಂಥ ಕಲೆ ಎಲ್ಲ ಒಂದೇ ಕ್ಲಿಕ್ಕಿಗೆ ಹೋಗ್ಬಿಡುತ್ತೆ, ತೋರಿಸ್ತೀನಿ,” ಎಂದು ನಿಸರ್ಗ ಮೌಸ್ ಹಿಡಿದಳು.

ಕೊಳ್ಳುವುದೋ ಬಿಡುವುದೋ ಕಾಂತರಾಜುವಿಗೆ ಈಗಲೂ ತಿಳಿಯದು. ಅವನ ಅಂಗೈ ಮಾತ್ರ ತಾನಾಗಿಯೇ ಮುಂದೆ ಹೋಗಿ ಪರದೆಯ ಮೇಲೆ ಅಪ್ಪನ ಕೆನ್ನೆಯನ್ನು ಮುಚ್ಚಿತು.