ಬೀಸುಕಲ್ಲಿನ ಹಗ್ಗ

ಆಷಾಢದ ಗಾಳಿ ಬೀಸತೊಡಗಿತೆಂದರೆ ಗದಗದ ಒಂದು ಓಣಿಯ ಮುದುಕರ ಸೊಂಟಕ್ಕೆಲ್ಲ ಹಗ್ಗ ಬೀಳುತ್ತಿತ್ತು. ಎಲುಬು ಹಗುರಾದವರನ್ನು ಗಾಳಿ ಎತ್ತಿಕೊಂಡು ಹೋಗುವುದು ಅಲ್ಲಿ ಯಾರಿಗೂ ಹೊಸದಾಗಿರಲಿಲ್ಲ. ಫಕೀರಪ್ಪ ತನ್ನ ಹೆಂಡತಿ ಬಾಳವ್ವನನ್ನು ಅಂಗಳದ ಬೀಸುಕಲ್ಲಿಗೆ ಕಟ್ಟಿದ್ದ. ಅವನಿಗೆ ಮಾತ್ರ ಹಗ್ಗ ಬೇಕಿರಲಿಲ್ಲ. ಮದುವೆಯಾದಾಗಿನಿಂದ ಬಾಳವ್ವ ಗಡಿಗೆಯ ತಳದ ಗಟ್ಟಿ ಬೇಳೆ, ಗಟ್ಟಿ ಮೊಸರು, ಮನೆಯ ಕೋಳಿ ಇಟ್ಟ ತತ್ತಿ ಎಲ್ಲವನ್ನೂ ಅವನ ತಾಟಿಗೇ ಹಾಕಿ, ತಾನು ಮೇಲಿನ ತಿಳಿಯಲ್ಲಿ ರೊಟ್ಟಿ ಅದ್ದಿಕೊಂಡು ಉಂಡವಳು.

ಬಾಳವ್ವನ ಎಲುಬು ಟೊಳ್ಳಾಗಿವೆಯೆಂದು ಡಾಕ್ಟರು ಬೈದ ಮೇಲೆ ಈಗ ಅವನೇ ಬಡಿಸುತ್ತಿದ್ದ. ಅಂದು ಮಧ್ಯಾಹ್ನವೂ ಅಂಗಳದ ಒಲೆಯ ಮೇಲಿದ್ದ ಗಡಿಗೆಯ ತಳಕ್ಕೆ ಸೌಟು ಇಳಿಸಿ ಅವಳ ತಾಟು ತುಂಬಿಸಿದ.

“ಎಲ್ಲಾ ನನಗ ಹಾಕಿದ್ರ ನಿಮಗೇನೈತ್ರಿ?” ಎಂದಳು ಬಾಳವ್ವ.

“ನನಗ ತಿಳಿ ಸಾಕು. ನೀ ಸುಮ್ನ ಉಣ್ಣು.”

ಅವಳು ನಾಲ್ಕು ತುತ್ತು ಉಂಡಳು. ಫಕೀರಪ್ಪ ತುಸು ಸಮಾಧಾನಗೊಂಡು, ತಲೆ ಬಗ್ಗಿಸಿ ರೊಟ್ಟಿ ಮುರಿದ. ಅವನ ಮುಂದಿನ ನೀರುನೀರು ಸಾರು ನೋಡಿ ಬಾಳವ್ವನಿಗೆ ತಡೆಯಲಾಗಲಿಲ್ಲ. ಒಲೆಯವರೆಗೆ ಹೋಗಲು ಹಗ್ಗ ಸಾಲದೆಂದು ಸದ್ದಿಲ್ಲದೆ ಗಂಟು ಬಿಚ್ಚಿದಳು.

“ಒಂದೀಟ ಬ್ಯಾಳಿ ಹಾಕ್ತೀನಿ, ತಡೀರಿ,” ಎನ್ನುತ್ತ ಅವನ ತಾಟಿಗೆ ಒಂದು ಸೌಟು ಗಟ್ಟಿ ಬೇಳೆ ಸುರಿದಳು.

ಆಗಲೇ ಗಾಳಿ ಬೀಸಿತು.

ಫಕೀರಪ್ಪ ತಲೆ ಎತ್ತುವಷ್ಟರಲ್ಲಿ ಸೌಟು ಹಿಡಿದ ಬಾಳವ್ವ ಮಾಳಿಗೆಯ ಮಟ್ಟ ದಾಟಿದ್ದಳು. ಅವನು ಕೂಗುತ್ತ ಎರಡೂ ಕೈ ಚಾಚಿ ನೆಗೆದ, ಮತ್ತೆ ನೆಗೆದ. ಅವಳು ಉಣ್ಣಿಸಿ ಬೆಳೆಸಿದ ಗಟ್ಟಿ ಎಲುಬುಗಳು ಪ್ರತಿ ಸಲವೂ ಅವನನ್ನು ನೆಲಕ್ಕೇ ತಂದು ನಿಲ್ಲಿಸಿದವು.