ಮೆಂತ್ಯದ ಡಬ್ಬ

"ನಿನ್ನ ಯಜಮಾನ್ರು ಮಾತ್ರೆ ನುಂಗಿದ್ರು ತಾನೆ ನಯನ?" ಎಂದು ನರ್ಸ್ ರಾಮಮ್ಮ ಕೇಳಿದಾಗ, ಪಕ್ಕದಲ್ಲಿ ಕೂತಿದ್ದ ಅತ್ತೆ ಚನ್ನಾಜಮ್ಮ ತಲೆ ತಗ್ಗಿಸಿದಳು.

"ಮೂರು ಸಲಾನೂ ನುಂಗವ್ರೆ ಸಿಸ್ಟರ್. ನಮ್ಮತ್ತೇನೇ ಕೈಯಾರೆ ಕೊಟ್ಟವ್ರೆ," ಎಂದಳು ಸೊಸೆ. ನಾಲ್ಕು ತಿಂಗಳ ಬಸುರಿ. ರಕ್ತದಲ್ಲಿ ಎಚ್‌ಐವಿ ಇದೆಯೆಂದು ಆಗಷ್ಟೇ ಕೇಳಿಸಿಕೊಂಡಿದ್ದಳು. ಅತ್ತೆಯೂ ಒಳಗಿರಲಿ ಎಂದವಳೂ ಅವಳೇ.

ಹೋದ ವರ್ಷ ನಯನಳಿಗೆ ಕೆಳಗೆ ನವೆ, ನಾರುವ ಬಿಳುಪು ಶುರುವಾದಾಗ ಇದೇ ರಾಮಮ್ಮ ಬಿಡಿಸಿ ಹೇಳಿದ್ದರು. ಕಣ್ಣಿಗೆ ಕಾಣದ ಹುಳ, ಗಂಡಹೆಂಡಿರ ನಡುವೆ ಒಬ್ಬರಿಂದೊಬ್ಬರಿಗೆ ದಾಟುತ್ತದೆ. ಇಬ್ಬರೂ ಒಟ್ಟಿಗೆ ಮಾತ್ರೆ ನುಂಗಬೇಕು, ಗಂಡನೂ ಬಂದು ಪರೀಕ್ಷೆಗೆ ರಕ್ತ ಕೊಡಬೇಕು. ಅದನ್ನು ಹಾಗೇ ಬಿಟ್ಟರೆ ಎಚ್‌ಐವಿಗೆ ಬಾಗಿಲು ತೆಗೆದಿಟ್ಟ ಹಾಗೆ. ಇಬ್ಬರಿಗೂ ಒಂದೊಂದು ಕವರು ಮಾತ್ರೆ ಕೊಟ್ಟಿದ್ದರು.

ಹೆಂಡತಿಯಾದವಳು ಗಂಡನ ಮುಂದೆ ಇಂಥದ್ದನ್ನೆಲ್ಲ ಎತ್ತುವುದುಂಟೇ? "ಕೊಡಿಲ್ಲಿ, ನಾನೇ ನುಂಗುಸ್ತೀನಿ," ಎಂದು ಚನ್ನಾಜಮ್ಮ ಮಗನ ಕವರು ಇಸಿದುಕೊಂಡಿದ್ದಳು. ಮಗ ಅಮೃತೇಶ ಲಾರಿ ಡ್ರೈವರು; ತಾಂಡ್ಯದ ಫ್ಯಾಕ್ಟರಿ ಮಾಲು ಹೇರಿಕೊಂಡು ಹೋದರೆ ವಾರಗಟ್ಟಲೆ ಲಾರಿಯಲ್ಲೇ. ಆದರೇನು, ವಿಭೂತಿ ಇಟ್ಟುಕೊಳ್ಳದೆ ನೀರು ಮುಟ್ಟದ ಮಗ. ಅವನಿಗೆಂಥ ರೋಗ? ಎಲ್ಲ ಉಷ್ಣ. ಸೊಸೆಗೆ ನೆನೆಸಿದ ಮೆಂತ್ಯ, ಮಜ್ಜಿಗೆ, ನೆತ್ತಿಗೆ ಹರಳೆಣ್ಣೆ. ಮಗನ ಕವರು ಮೆಂತ್ಯದ ಡಬ್ಬದ ತಳಕ್ಕೆ. ಹೋದ ನವೆ ಮತ್ತೆ ಬಂತು, ಕವರೂ ಮತ್ತೆ ಬಂತು. ಹೀಗೆ ಮೂರು ಸಲ. ಈ ಅತ್ತೆಗೆ ಏನು ಹೇಳೋಣ!

"ಮಗೂಗೆ ದಾಟದಂಗೆ ಬಹಳಮಟ್ಟಿಗೆ ತಡೀಬೋದು, ಔಷಧಿ ಇದೆ. ನಿನಗೂ ದಾರಿ ಇದೆ. ಮೊದ್ಲು ಯಜಮಾನ್ರನ್ನ ಕರ್ಕೊಂಡು ಬಾ," ಎಂದರು ರಾಮಮ್ಮ.

ತಮ್ಮೂರು ಕಳಲೆಗೆ ಹೋಗುವ ಬಸ್ಸಿನಲ್ಲಿ ನಯನ ಅತ್ತೆಯ ಹೆಗಲಿಗೊರಗಿ ಸದ್ದಿಲ್ಲದೆ ಅತ್ತಳು. ಮಗನ ಮಾನ ಕಾಯಲು ಹೋಗಿ ಇವಳ ಒಡಲಿಗೆ ಕೊಳ್ಳಿ ಇಟ್ಟೆನಲ್ಲ ಎಂದುಕೊಂಡಳು ಮುದುಕಿ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ನಂಜನಗೂಡಿಗೆ ಒಬ್ಬಳೇ ಬಂದಳು. ಆಸ್ಪತ್ರೆಯ ಬಾಗಿಲಲ್ಲೇ ರಾಮಮ್ಮನನ್ನು ತಡೆದು ಸೆರಗಿನ ಗಂಟು ಬಿಚ್ಚಿದಳು. ಮೂರು ಕವರು, ಒಂದೂ ಒಡೆದಿರಲಿಲ್ಲ. ಮೇಲೆ ನಾಲ್ಕಾರು ಮೆಂತ್ಯದ ಕಾಳು ಅಂಟಿಕೊಂಡಿದ್ದವು.

"ತೆಪ್ಪಾಗೋಯ್ತು ಕಣವ್ವ," ಎಂದಳು. "ಈಗ ಅವ್ನಿಗೆ ಮೂರನ್ನೂ ಒಟ್ಟಿಗೇ ನುಂಗುಸ್ಲಾ?"