ಕಮಾನಿನಡಿಯ ದೀಪ

ದೀಪದ ಚಿತ್ರ ಬಂದಾಗಲೂ ಅತ್ತೆ ‘ಹಳದಿ ಮೂರು, ಕೆಂಪು ಒಂದು’ ಎಂದೇ ಕೂಗಿಬಿಟ್ಟರೆ? ಮಗ್ಗದ ಮುಂದೆ ಕೂತ ಹುಡುಗಿಗೆ ಬೆಳಗಿನಿಂದ ಇದೊಂದೇ ಚಿಂತೆ. ಯಾರಿಗಾದರೂ ಹೇಳಿದರೆ ನಕ್ಕಾರೆಂದು ತನ್ನೊಳಗೇ ಹೇಳಿಕೊಂಡಳು.

ತೀರಿಹೋದ ಅಜ್ಜಿ ಅರ್ಧಕ್ಕೆ ಬಿಟ್ಟ ನಮಾಜಿನ ರತ್ನಗಂಬಳಿ ಅದು. ಬೆನ್ನ ಹಿಂದೆ ಕೂತವರು ನಕ್ಷೆ ನೋಡಿ ಬಣ್ಣ, ಎಣಿಕೆ ಕೂಗಬೇಕು, ಮಗ್ಗದ ಮುಂದಿನವರು ಆ ಬಣ್ಣದ ದಾರದಿಂದ ಅಷ್ಟು ಗಂಟು ಹಾಕಬೇಕು. ಅಜ್ಜಿ ಎಂದೂ ಬರೀ ಬಣ್ಣ ಕೂಗಿದವಳಲ್ಲ. ಕೆಳಗೆ ಹೂಜಿಯ ಚಿತ್ರ ಬಂದರೆ, “ಕೈಕಾಲು ತೊಳ್ಕೊಳ್ಳೇ” ಎನ್ನುವಳು. ಬಾಚಣಿಗೆ ಬಂದರೆ, “ತಲೆ ನೋಡು, ಕಾಗೆಗೂಡು! ಹೀಗೇ ಹೋಗಿ ನಿಲ್ತೀಯಾ ದೇವರ ಮುಂದೆ?” ಮೇಲಿನ ಕಮಾನು ಬಾಗಿಲಂತೆ, ಅದರಡಿ ತೂಗುವ ದೀಪ ದೇವರ ಬೆಳಕಂತೆ. ಆ ಬಾಗಿಲ ಹಿಂದೆ ನಿಜಕ್ಕೂ ಒಂದು ಕೋಣೆಯಿದೆಯೆಂದು ನಂಬಿ, ಚಿಕ್ಕವಳಿದ್ದಾಗ ಹುಡುಗಿ ಮಗ್ಗದ ಆಚೆ ಹೋಗಿ ಇಣುಕಿದ್ದೂ ಉಂಟು. ಕಂಡದ್ದು ಎಳೆಗಳ ಸಂದಿಯಲ್ಲಿ ನಗುತ್ತಿದ್ದ ಅಜ್ಜಿಯ ಒಂದು ಕಣ್ಣು.

ಅದೇ ಅಜ್ಜಿಯ ಮಗಳಾದರೂ ಅತ್ತೆ ಕೂಗುವುದು ಕೋಳಿ ಅಟ್ಟಿದ ಹಾಗೆ.

“ನೀಲಿ ಐದು! ಬಿಳಿ ಎರಡು! ಏನು ಡಿಗ್ರಿ ಅಮ್ಮಾವ್ರೇ, ಎಣಿಸೋದು ಕಾಲೇಜಲ್ಲಿ ಕಲಿಸಲಿಲ್ವಾ?”

ಹುಡುಗಿ ಸರಸರ ಗಂಟು ಹಾಕಿದಳು. ಕಮಾನಿನ ಭುಜಗಳೆರಡೂ ಒಂದನ್ನೊಂದು ಸಮೀಪಿಸಿದವು. ಆಗ ಅತ್ತೆ ನಕ್ಷೆಯನ್ನು ಮಡಿಲಿಗಿಳಿಸಿ, ಯಾಕೋ ಮೆಲ್ಲಗೆ, “ಈಗ ದೀಪ ಹಚ್ಚೇ... ನಿಧಾನ” ಎಂದಳು.

ಹುಡುಗಿಯ ಕೈ ನಿಂತೇಹೋಯಿತು. ಬೆರಳಿಗೆ ಸುತ್ತಿದ್ದ ಹಳದಿ ದಾರ ಸಡಿಲಗೊಂಡು ಜಾರಿತು.

“ಏನೇ? ಹಚ್ಚು ಅಂದ್ನಲ್ಲ!”

ಅವಳು ತಿರುಗಲಿಲ್ಲ. ಅತ್ತೆಯ ಮಾತು ಒರಟಾಯಿತು. “ಗೊತ್ತು ಬಿಡು, ನಾನು ಕೂಗಿದ್ರೆ ನಿನಗೆ ಹಿಡಿಸಲ್ಲ. ನಮ್ಮಮ್ಮನ ಥರ ಹೇಳೋಣ ಅಂತ ಹೋದೆ ನೋಡು, ನನಗೆ ಬುದ್ಧಿ ಇಲ್ಲ. ದೀಪ ಇಲ್ದಿದ್ರೆ ಇಲ್ಲ. ಇಷ್ಟಕ್ಕೇ ಕತ್ತರಿಸಿ ಇಳಿಸ್ತೀನಿ.” ಕತ್ತರಿ ಎತ್ತಿಕೊಂಡು ಮಗ್ಗದ ಹತ್ತಿರ ಬಂದೇಬಿಟ್ಟಳು.

ಯಾವಾಗಲೂ ಮಾತು ನುಂಗಿಕೊಳ್ಳುವ ಹುಡುಗಿ ಅತ್ತೆಯ ಮಣಿಕಟ್ಟು ಹಿಡಿದಳು.

“ಥೇಟ್ ಅಜ್ಜಿ ದನಿ, ಅತ್ತೆ. ತಿರುಗಿ ನೋಡಿದ್ರೆ ನೀವಿರ್ತೀರಿ ಅಂತ ತಿರುಗಲಿಲ್ಲ.”